ಲೆಕ್ಕ ಹಾಕುವ ಮೊದಲು: ದರ, ರಿಯಾಯಿತಿ, ಅಳತೆ

(ದತ್ತಿ ಉಪನ್ಯಾಸದ ಪಠ್ಯ)

ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿರುವ ವಿದ್ಯಾರ್ಥಿಗಳೇ,

ಗಣಿತದ ಮೇಲೆ ದತ್ತಿ ಉಪನ್ಯಾಸ ಎಂದರೆ ಸೊನ್ನೆ, ಪೈ, ರಾಮಾನುಜನ್ ಈ ಮೂರರಲ್ಲಿ ಒಂದಾದರೂ ಬರಬೇಕು ಎಂಬ ರೂಢಿ ನಮ್ಮಲ್ಲಿದೆ. ಇವತ್ತು ಮೂರೂ ಬರುವುದಿಲ್ಲ. ನಾನು ಮಾತಾಡಲಿರುವುದು ಏಳು, ಎಂಟನೇ ತರಗತಿಯ ವಾಕ್ಯರೂಪದ ಲೆಕ್ಕಗಳ ಬಗ್ಗೆ. ಗಂಟೆಗೆ ಇಷ್ಟು ಕಿಲೋಮೀಟರ್ ಓಡುವ ಬಸ್ಸು, ಶೇಕಡಾ ಇಷ್ಟು ರಿಯಾಯಿತಿಯ ಸೀರೆ, ಎಕರೆಯನ್ನು ಹೆಕ್ಟೇರಿಗೆ ಬದಲಿಸಿ ಎನ್ನುವ ಪ್ರಶ್ನೆ, ಇಂಥವು. ನಮ್ಮಲ್ಲಿ ಬಹಳ ಜನಕ್ಕೆ ಗಣಿತದ ಸಹವಾಸ ಸಾಕಪ್ಪಾ ಅನ್ನಿಸಿದ್ದು ಇಲ್ಲಿಯೇ. ‘ಕೂಡು, ಕಳೆ, ಗುಣಿಸು ಎಲ್ಲ ಬರುತ್ತೆ ಸಾರ್, ಲೆಕ್ಕ ಓದಿದರೆ ತಲೆಗೆ ಹೋಗಲ್ಲ’ ಎಂಬ ಮಾತನ್ನು ಕೇಳದ ಗಣಿತದ ಮೇಷ್ಟ್ರು ಈ ರಾಜ್ಯದಲ್ಲಿ ಇರಲಾರರು.

ಆ ಮಕ್ಕಳು ಹೇಳುವುದು ನಿಜ. ಇಂಥ ಲೆಕ್ಕಗಳಲ್ಲಿ ಗುಣಾಕಾರ ಭಾಗಾಕಾರ ತಪ್ಪುವುದು ಕಡಿಮೆ. ತಪ್ಪುವುದು ಅದಕ್ಕೂ ಮೊದಲು, ಯಾವ ಸಂಖ್ಯೆ ಯಾವುದಕ್ಕೆ ಸೇರಿದ್ದು ಎಂದು ನೋಡುವಲ್ಲಿ. ಈ ಒಂದು ಮಾತನ್ನೇ ಇವತ್ತು ಬೇರೆ ಬೇರೆ ಕಡೆಯಿಂದ ತೋರಿಸುವವನಿದ್ದೇನೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು? 76 ಮಕ್ಕಳು ವಯಸ್ಸನ್ನು ಲೆಕ್ಕ ಹಾಕಿಯೇಬಿಟ್ಟರು. 26ಕ್ಕೆ 10 ಕೂಡಿದರೆ 36, ಕಪ್ತಾನನಿಗೆ ಒಪ್ಪುವ ವಯಸ್ಸು! ಕೂಡಿದ್ದರಲ್ಲಿ ಏನೂ ತಪ್ಪಿಲ್ಲ. ಅಮೆರಿಕದಲ್ಲಿ 1980ರ ದಶಕದ ಆರಂಭದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದರು: ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು, 1,128 ಸೈನಿಕರಿದ್ದಾರೆ, ಎಷ್ಟು ಬಸ್ಸು ಬೇಕು? ನೂರಕ್ಕೆ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿ ಮಾಡಿದರು. 32 ಎಂಬ ಸರಿಯುತ್ತರ ಕೊಟ್ಟವರು ನೂರಕ್ಕೆ 23 ಮಾತ್ರ. ‘31 ಬಸ್ಸು, ಶೇಷ 12’ ಎಂದು ಬರೆದವರು ಅವರಿಗಿಂತ ಹೆಚ್ಚು. ಆ ಶೇಷ ಎಂದರೆ ರಸ್ತೆಯಲ್ಲಿ ನಿಂತಿರುವ ಹನ್ನೆರಡು ಜನ ಎಂದು ಅವರಿಗೆ ಹೊಳೆಯಲಿಲ್ಲ.

ಇದನ್ನು ಮಕ್ಕಳ ದಡ್ಡತನ ಎಂದು ಕೈಬಿಡುವ ಹಾಗಿಲ್ಲ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ನೂರಕ್ಕೆ 98ರಷ್ಟನ್ನು ಸರಿಯಾಗಿ ಹೇಳಿದ್ದರು. ಅದೇ ಸಂಖ್ಯೆಗಳನ್ನು ಕಾಗದದ ಮೇಲೆ ಬರಿಯ ಅಂಕಿಗಳ ಲೆಕ್ಕವಾಗಿ ಕೊಟ್ಟಾಗ ಅದು ನೂರಕ್ಕೆ 37ಕ್ಕೆ ಇಳಿಯಿತು. ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದರೆ ಹುಡುಗ ಬಲಕ್ಕೊಂದು ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 105, ಇನ್ನೂ ಮೂರಕ್ಕೆ 105, ಉಳಿದ ಒಂದಕ್ಕೆ 35, ಒಟ್ಟು 350 ಎಂದ. ಅವನ ಬಾಯಲ್ಲಿ ಪ್ರತಿ ಸಂಖ್ಯೆಯ ಹಿಂದೆಯೂ ಕಾಯಿ ಇತ್ತು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನವೂ ಇದೇ ಕಥೆ ಹೇಳುತ್ತದೆ. ಜತೆಗೆ ಇನ್ನೊಂದು ಮುಖವನ್ನೂ ತೋರಿಸುತ್ತದೆ: ಶಾಲೆಯ ಲೆಕ್ಕದಲ್ಲಿ ಜಾಣರಾದವರು ಅಂಗಡಿಯ ಲೆಕ್ಕದಲ್ಲಿ ತಡವರಿಸುತ್ತಾರೆ. ಎರಡು ಜಾಣತನಗಳ ನಡುವೆ ಸೇತುವೆ ಇಲ್ಲ. ವಾಕ್ಯರೂಪದ ಲೆಕ್ಕ ಹುಟ್ಟಿದ್ದು ಆ ಸೇತುವೆಯಾಗಲಿಕ್ಕೆ.

ಅದು ಹುಟ್ಟಿದ್ದು ನಿನ್ನೆ ಮೊನ್ನೆ ಅಲ್ಲ. ನಮ್ಮ ನೆಲದಲ್ಲೇ, ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜ್ಯೋತಿಷದ ಹಂಗಿಲ್ಲದೆ ಬರಿಯ ಗಣಿತಕ್ಕೇ ಮೀಸಲಾದ ದೊಡ್ಡ ಸಂಸ್ಕೃತ ಗ್ರಂಥ ಅದು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಆ ಹೆಸರೇ ಸಾಕು, ಯಾರಿಗಾಗಿ ಬರೆದದ್ದು ಎಂದು ತಿಳಿಯಲು.

ಮಹಾವೀರನ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು ಕರಿನಾಗರ, ಉದ್ದ 80 ಅಂಗುಲ. ದಿನದ ಹದಿನಾಲ್ಕನೇ ಐದು ಭಾಗದಲ್ಲಿ ಏಳೂವರೆ ಅಂಗುಲದಂತೆ ಬಿಲದೊಳಗೆ ಇಳಿಯುತ್ತಿದೆ. ಆದರೆ ಅದರ ಬಾಲ ಕಾಲು ದಿನಕ್ಕೆ ಎರಡೂ ಮುಕ್ಕಾಲು ಅಂಗುಲದಂತೆ ಬೆಳೆಯುತ್ತಿದೆ. ಹಾವು ಪೂರ್ತಿ ಒಳಗೆ ಹೋಗಲು ಎಷ್ಟು ದಿನ?

ಇದನ್ನು ತರಗತಿಯಲ್ಲಿ ಕೊಟ್ಟರೆ ಮೊದಲು ನಗು ಬರುತ್ತದೆ. ಆಮೇಲೆ ಮಕ್ಕಳು ಏಳೂವರೆಯಿಂದ ಎರಡೂ ಮುಕ್ಕಾಲನ್ನು ಕಳೆಯಲು ಹೊರಡುತ್ತಾರೆ. ಎರಡೂ ಅಂಗುಲವೇ ತಾನೇ, ಕಳೆದರೇನು ತಪ್ಪು? ತಪ್ಪಿರುವುದು ಅಂಗುಲದಲ್ಲಲ್ಲ, ಅದರ ಹಿಂದಿರುವ ಕಾಲದಲ್ಲಿ. ಒಂದು 5/14 ದಿನದ ಲೆಕ್ಕ, ಇನ್ನೊಂದು 1/4 ದಿನದ ಲೆಕ್ಕ. ಎರಡನ್ನೂ ಒಂದು ದಿನಕ್ಕೆ ತರಬೇಕು. ಏಳೂವರೆಯನ್ನು 14ರಿಂದ ಗುಣಿಸಿ 5ರಿಂದ ಭಾಗಿಸಿದರೆ ದಿನಕ್ಕೆ 21 ಅಂಗುಲ ಇಳಿತ. ಎರಡೂ ಮುಕ್ಕಾಲನ್ನು ನಾಲ್ಕರಿಂದ ಗುಣಿಸಿದರೆ ದಿನಕ್ಕೆ 11 ಅಂಗುಲ ಬೆಳವಣಿಗೆ. ಈಗ ಕಳೆಯಬಹುದು: ದಿನಕ್ಕೆ 10. 80 ಅಂಗುಲಕ್ಕೆ 8 ದಿನ. ಭಿನ್ನರಾಶಿಗಳ ಅಷ್ಟು ದೊಡ್ಡ ಕಾಡಿನಿಂದ ಎಂಟು ಎಂಬ ಪೂರ್ಣಾಂಕ ಹೊರಬರುವುದನ್ನು ನೋಡಿದಾಗ, ಲೆಕ್ಕ ಕಟ್ಟಿದವನಿಗೂ ಇದರಲ್ಲಿ ಖುಷಿ ಸಿಕ್ಕಿರಬೇಕು ಅನ್ನಿಸುತ್ತದೆ. ಹಾವಿಗೆ ಎಂಟು ದಿನ ಯಾಕೆ ಬೇಕು ಎಂದು ಕೇಳಬೇಡಿ.

ಆ ಕಾಲದವರ ಮುಖ್ಯ ಉಪಕರಣ ತ್ರೈರಾಶಿಕ. 499ರ ಆರ್ಯಭಟನಲ್ಲೇ ಅದಿದೆ, ಎಲ್ಲ ಗಣಿತಜ್ಞರೂ ಅದನ್ನು ಮತ್ತೆ ಹೇಳುತ್ತಾರೆ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿ. ಸಾಲಾಗಿ ಬರೆಯುವಾಗ ಮೊದಲನೆಯದೂ ಕೊನೆಯದೂ ಒಂದೇ ಜಾತಿಯ ರಾಶಿಗಳಾಗಿರಬೇಕು, ನಡುವಿನದು ಬೇರೆ ಜಾತಿ. ನಡುವಿನದನ್ನು ಕೊನೆಯದರಿಂದ ಗುಣಿಸಿ ಮೊದಲಿನದರಿಂದ ಭಾಗಿಸು. ಈ ಸೂತ್ರದ ಗುಣಿಸು-ಭಾಗಿಸು ಭಾಗವನ್ನು ನಾವು ಉಳಿಸಿಕೊಂಡೆವು, ಜಾತಿ ನೋಡುವ ಭಾಗವನ್ನು ಕೈಬಿಟ್ಟೆವು ಎನ್ನುವುದು ನನ್ನ ದೂರು. ಇಂದಿನ ಭೌತಶಾಸ್ತ್ರದವರು ಏಕಮಾನ ಹೊಂದಾಣಿಕೆ ಎಂದು ಮಾಡುವ ತಪಾಸಣೆಯ ತಿರುಳು ಆ ಒಂದು ಷರತ್ತಿನಲ್ಲೇ ಇದೆ.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಕೇಸರಿ ಕೊಳ್ಳುವ ಲೆಕ್ಕ ಕೊಡುತ್ತಾನೆ: ಏಳನೇ ಮೂರು ನಿಷ್ಕಕ್ಕೆ ಎರಡೂವರೆ ಪಲ ಸಿಕ್ಕರೆ ಒಂಬತ್ತು ನಿಷ್ಕಕ್ಕೆ ಎಷ್ಟು? ನಿಷ್ಕ ಎಂಬ ನಾಣ್ಯ ಒಂದು ಕಡೆ, ಪಲ ಎಂಬ ತೂಕ ನಡುವೆ, ನಿಷ್ಕ ಇನ್ನೊಂದು ಕಡೆ. ಉತ್ತರ ಐವತ್ತೆರಡೂವರೆ ಪಲ. ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ, 52 ಪಲ 2 ಕರ್ಷ ಎಂದು ಅಂಗಡಿಯವನು ತೂಗಬಹುದಾದ ರೂಪಕ್ಕೆ ತರುತ್ತಾನೆ. ಇನ್ನೊಂದು ಬಡ್ಡಿಯ ಲೆಕ್ಕ: ತಿಂಗಳಿಗೆ ನೂರಕ್ಕೆ ಐದರಂತೆ ಹದಿನಾರಕ್ಕೆ ಒಂದು ವರ್ಷಕ್ಕೆ ಎಷ್ಟು? 16ನ್ನು 5ರಿಂದ, ಮತ್ತೆ 12ರಿಂದ ಗುಣಿಸಿ 100ರಿಂದ ಭಾಗಿಸಿದರೆ ಒಂಬತ್ತೂ ಐದನೇ ಮೂರು. ಬಡ್ಡಿಯನ್ನು ಹೇಳುವ ಧಾಟಿ ನೋಡಿ. ಇವತ್ತಿಗೂ ಹಳ್ಳಿಯಲ್ಲಿ ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ಎಂದೇ ಅರ್ಥ, ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಂಕಿನವರು ಶೇಕಡಾ 9 ಎಂದರೆ ವರ್ಷಕ್ಕೆ. ಮೂರು ಸಣ್ಣದು, ಒಂಬತ್ತು ದೊಡ್ಡದು ಎಂದುಕೊಂಡು ಸಾಲ ಮಾಡಿದವನು ವರ್ಷಕ್ಕೆ ನೂರಕ್ಕೆ 36 ಕಟ್ಟುತ್ತಾನೆ. ಕೈಗೆ ಹಣ ಕೊಡುವಾಗಲೇ ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡರೆ ನಿಜವಾದ ದರ ಅದಕ್ಕೂ ಮೇಲೆ, ಯಾಕೆಂದರೆ ಅವನ ಕೈಸೇರಿದ್ದು ನೂರಲ್ಲ, 97.

ಹಳೆಯ ಲೆಕ್ಕಗಳನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ವ್ಯಸ್ತ ತ್ರೈರಾಶಿಕಕ್ಕೆ, ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಇಳಿಯುವ ಸಂಬಂಧಕ್ಕೆ, ಅದೇ ‘ಲೀಲಾವತಿ’ಯಲ್ಲಿ ಕೊಟ್ಟ ಉದಾಹರಣೆ ಮಾರಾಟಕ್ಕಿಟ್ಟ ಹೆಣ್ಣಿನ ವಯಸ್ಸು ಮತ್ತು ಬೆಲೆಯದು. ಹದಿನಾರು ವರ್ಷದವಳಿಗೆ 32 ನಿಷ್ಕವಾದರೆ ಇಪ್ಪತ್ತು ವರ್ಷದವಳಿಗೆ ಎಷ್ಟು ಎಂದು. ಗಣಿತ ಸರಿಯಾಗಿದೆ. ಲೆಕ್ಕದ ಪುಸ್ತಕ ತನ್ನ ಕಾಲದ ಸಂತೆಯನ್ನು ಒಳಗೆ ಹೊತ್ತುಕೊಂಡೇ ಬರುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಸೀರೆ ಕೊಳ್ಳುವವಳು ಯಾವಾಗಲೂ ಸೀತಾ, ಮನೆ ಕಟ್ಟಿಸುವವನು ಯಾವಾಗಲೂ ರಾಮು ಎಂಬುದನ್ನು ನೂರು ವರ್ಷದ ಮೇಲೆ ಯಾರಾದರೂ ಎತ್ತಿ ತೋರಿಸಿಯೇ ತೋರಿಸುತ್ತಾರೆ.

ಇನ್ನು ಜಾತಿ ನೋಡದೆ ಗುಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗ. ಅಂಕಿಗಳನ್ನು ಬೇಕಾದರೆ ಗುರುತು ಹಾಕಿಕೊಳ್ಳಿ.

1983ರ ಜುಲೈ 23. ಏರ್ ಕೆನಡಾ ಸಂಸ್ಥೆಯ ಹೊಸ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಡಬೇಕು. ಇಂಧನ ತೋರಿಸುವ ಮೀಟರು ಕೆಟ್ಟಿದೆ. ಟ್ಯಾಂಕಿನಲ್ಲಿ ಕಡ್ಡಿ ಇಟ್ಟು ಅಳೆದರು: 7,682 ಲೀಟರ್ ಇದೆ. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ಇನ್ನೆಷ್ಟು ಲೀಟರ್ ತುಂಬಬೇಕು? ಇಷ್ಟೇ ಲೆಕ್ಕ. ಎಂಟನೇ ತರಗತಿಯ ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಕೇಳಬಹುದು.

ಲೀಟರನ್ನು ತೂಕಕ್ಕೆ ತರಲು ಒಂದು ದರ ಬೇಕು. ಅವರ ಕೈಗೆ ಸಿಕ್ಕ ಕಾಗದದಲ್ಲಿ 1.77 ಎಂದಿತ್ತು. 7,682ನ್ನು 1.77ರಿಂದ ಗುಣಿಸಿದರು: 13,597. ಇದು ಕಿಲೋಗ್ರಾಂ ಎಂದುಕೊಂಡು 22,300ರಿಂದ ಕಳೆದರು: 8,703. ಮತ್ತೆ 1.77ರಿಂದ ಭಾಗಿಸಿದರು: 4,916 ಲೀಟರ್. ಅಷ್ಟು ತುಂಬಿಸಿದರು. ಗುಣಾಕಾರ, ವ್ಯವಕಲನ, ಭಾಗಾಕಾರ ಮೂರೂ ಸರಿ. ನೀವೇ ಕೂತು ತಾಳೆ ನೋಡಿ.

ಆದರೆ 1.77 ಎಂಬುದು ಲೀಟರಿಗೆ ಇಷ್ಟು ಪೌಂಡ್ ಎಂಬ ದರ. ಕೆನಡಾ ಆಗ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿತ್ತು. ಆ ಸಂಸ್ಥೆಯ ಉಳಿದ ವಿಮಾನಗಳು ಪೌಂಡಿನ ಲೆಕ್ಕದಲ್ಲಿ ಹಾರುತ್ತಿದ್ದವು, ಹೊಸ 767 ಮಾತ್ರ ಕಿಲೋಗ್ರಾಂನಲ್ಲಿ. ಬೇಕಿದ್ದ ದರ ಲೀಟರಿಗೆ 0.803 ಕಿಲೋಗ್ರಾಂ. ಅದರಂತೆ ಟ್ಯಾಂಕಿನಲ್ಲಿ ಇದ್ದದ್ದು 6,169 ಕಿಲೋಗ್ರಾಂ ಮಾತ್ರ, ತುಂಬಬೇಕಿದ್ದದ್ದು 20,088 ಲೀಟರ್. ತುಂಬಿದ್ದು ಅದರ ಕಾಲು ಭಾಗದಷ್ಟು. ಒಟ್ಟಾವಾದಲ್ಲಿ ಮತ್ತೆ ಕಡ್ಡಿ ಇಟ್ಟು ಅಳೆದರು, ಮತ್ತೆ ಅದೇ 1.77. ತಪ್ಪು ದರದಿಂದ ಎರಡು ಸಲ ತಾಳೆ ನೋಡಿದರೆ ಎರಡು ಸಲವೂ ತಾಳೆಯಾಗುತ್ತದೆ.

41,000 ಅಡಿ ಎತ್ತರದಲ್ಲಿ ಇಂಧನ ಮುಗಿಯಿತು. ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ರೂಢಿಯಿತ್ತು. ಸಹಚಾಲಕ ಮಾರಿಸ್ ಕ್ವಿಂಟಲ್‌ಗೆ ಹಿಂದೆ ತಾನು ವಾಯುಪಡೆಯಲ್ಲಿದ್ದ ಗಿಮ್ಲಿ ಎಂಬ ಊರಿನ ಹಳೆಯ ರನ್‌ವೇ ನೆನಪಾಯಿತು. ಅದು ಆಗ ಕಾರು ಪಂದ್ಯದ ಮೈದಾನವಾಗಿ ಜನ ಸೇರಿದ್ದರೂ ವಿಮಾನವನ್ನು ಅಲ್ಲೇ ಇಳಿಸಿದರು, 69 ಜನರೂ ಉಳಿದರು. ಸಾಹಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿತು, ಸಿನಿಮಾ ಕೂಡ ಬಂತು. ಗಣಿತದ ಮೇಷ್ಟ್ರ ಕಣ್ಣು ಮಾತ್ರ ಆ ಕಾಗದದ ಮೇಲಿನ 1.77ರಲ್ಲೇ ಸಿಕ್ಕಿಬೀಳುತ್ತದೆ. ಅದರ ಮುಂದೆ ‘ಲೀಟರಿಗೆ ಪೌಂಡ್’ ಎಂದು ಎರಡು ಪದ ಎದ್ದು ಕಾಣುವಂತೆ ಬರೆದಿದ್ದರೆ ಅದು ಕಿಲೋಗ್ರಾಂ ಆಗಲು ಯಾರೂ ಬಿಡುತ್ತಿರಲಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾದದ್ದೂ ಪೌಂಡ್ ಮತ್ತು ನ್ಯೂಟನ್ ನಡುವಿನ ಇಂಥದೇ ಗೊಂದಲದಿಂದ. ಅಲ್ಲಿ ಯಾರೂ ಕುಳಿತಿರಲಿಲ್ಲ ಎಂಬುದೊಂದೇ ಸಮಾಧಾನ.

ಕೆನಡಾದವರನ್ನು ನೋಡಿ ನಗುವ ಮೊದಲು ನಮ್ಮ ಪಹಣಿ ತೆಗೆಯೋಣ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂದು ಬರೆಯುತ್ತಾರೆ. 1-20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಎಷ್ಟೋ ಕಡೆ ನಡುವಿನ ಗೆರೆಯ ಜಾಗದಲ್ಲಿ ಚುಕ್ಕಿ ಬರುತ್ತದೆ, 1.20 ಎಂದು. ಮೂವರು ಅಣ್ಣತಮ್ಮಂದಿರು ಇದನ್ನು ಪಾಲು ಮಾಡಿಕೊಳ್ಳಬೇಕು. ಓದಿದ ಮೊಮ್ಮಗ ಮೊಬೈಲ್ ತೆಗೆದು 1.20ನ್ನು 3ರಿಂದ ಭಾಗಿಸುತ್ತಾನೆ. 0.40 ಬರುತ್ತದೆ. ಚುಕ್ಕಿಯ ನಂತರದ್ದು ಗುಂಟೆಯಲ್ಲವೇ? ತಲಾ 40 ಗುಂಟೆ ಎನ್ನುತ್ತಾನೆ. ತಲಾ 40 ಗುಂಟೆ ಎಂದರೆ ತಲಾ ಒಂದು ಎಕರೆ! ಒಂದೂವರೆ ಎಕರೆ ಮೊಬೈಲಿನ ಒಳಗೆ ಹೋಗಿ ಮೂರು ಎಕರೆಯಾಗಿ ಹೊರಗೆ ಬಂತು. ಜಗಲಿಯ ಮೇಲೆ ಕೂತ ಅಜ್ಜ ಬಾಯಿಲೆಕ್ಕದಲ್ಲೇ ಹೇಳುತ್ತಾನೆ: ಒಂದು ಎಕರೆ ನಲವತ್ತು, ಮೇಲೆ ಇಪ್ಪತ್ತು, ಒಟ್ಟು ಅರವತ್ತು ಗುಂಟೆ, ತಲಾ ಇಪ್ಪತ್ತು. ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿದ, ಆಮೇಲೆ ಭಾಗಿಸಿದ. ಅಜ್ಜನಿಗೆ ದಶಮಾಂಶ ಬರುವುದಿಲ್ಲ, ಆ ಜಮೀನು ಉಳಿದಿರುವುದೇ ಅದರಿಂದ.

ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಬೆಂಗಳೂರಿನವರಿಗೆ ಹೇಳುವುದಾದರೆ ಮೂವತ್ತು-ನಲವತ್ತರ ಸೈಟಿಗಿಂತ ಸ್ವಲ್ಪ ಸಣ್ಣದು. ಇನ್ನೂ ಹಿಂದಕ್ಕೆ ಹೋದರೆ ನೆಲವನ್ನು ಅಳೆಯುತ್ತಿದ್ದದ್ದು ಕೊಳಗದಲ್ಲಿ, ಖಂಡುಗದಲ್ಲಿ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಅದು ಕಾಳು ಅಳೆಯುವ ಮಾನ. ಖಂಡುಗದ ಗದ್ದೆ ಎಂದರೆ ಖಂಡುಗ ಬೀಜ ಹಿಡಿಸುವ ಗದ್ದೆ. ಬೀಜವರಿ ಎಂಬ ಲೆಕ್ಕ ಇದು. ಘನ ಅಳತೆಯೊಂದು ಚದರ ಅಳತೆಯಾಗಿಬಿಟ್ಟಿತು, ನಡುವೆ ‘ಇಷ್ಟು ನೆಲಕ್ಕೆ ಇಷ್ಟು ಬೀಜ’ ಎಂಬ ದರ ಅಡಗಿ ಕೂತಿದ್ದರಿಂದ. ಊರಿನಿಂದ ಊರಿಗೆ ಕೊಳಗ ಬದಲಾಗುತ್ತಿತ್ತು, ಗದ್ದೆಗೂ ಬೆದ್ದಲಿಗೂ ಬೀಜ ಬದಲಾಗುತ್ತಿತ್ತು. ಹಾಗಾಗಿ ಒಂದು ಊರಿನ ಖಂಡುಗದ ಹೊಲವನ್ನು ಇನ್ನೊಂದು ಊರಿನದರ ಜತೆ ಹೋಲಿಸುವಂತೆಯೇ ಇರಲಿಲ್ಲ. ಆದರೂ ಅದನ್ನು ಅವೈಜ್ಞಾನಿಕ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಿತ್ತುವವನಿಗೆ ಬೇಕಾದ ಉತ್ತರ ‘ಎಷ್ಟು ಬೀಜ ಕೊಂಡೊಯ್ಯಲಿ’ ಎಂಬುದು, ಅದು ಅಳತೆಯ ಹೆಸರಿನಲ್ಲೇ ಇತ್ತು.

ದುಡ್ಡಿನ ಬದಲಾವಣೆಯೂ ಹಾಗೆಯೇ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ನಾಲ್ಕಾಣೆಗೆ 25, ಎಂಟಾಣೆಗೆ 50, ಇವು ಸಲೀಸು. ಒಂದಾಣೆಗೆ ಆರೂಕಾಲು. ಆರೂಕಾಲು ಪೈಸೆಯ ನಾಣ್ಯ ಇಲ್ಲ. ಆ ಕಾಲು ಪೈಸೆ ಅಂಗಡಿಯವನ ಕಡೆಗೆ ಹೋಗುತ್ತದೋ ಗಿರಾಕಿಯ ಕಡೆಗೋ ಎನ್ನುವುದನ್ನು ಪರಿವರ್ತನೆಯ ಪಟ್ಟಿ ತೀರ್ಮಾನಿಸಬೇಕಿತ್ತು.

ರಿಯಾಯಿತಿಯ ವಿಷಯಕ್ಕೆ ಬರೋಣ. ಹಳೆಯ ಪಠ್ಯಗಳಲ್ಲಿ ಸೋಡಿ ಎಂದು ಓದಿದವರೂ ಇಲ್ಲಿರಬಹುದು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ಮೇಲೆ? ‘50% + 20% ರಿಯಾಯಿತಿ’ ಎಂಬ ಫಲಕ ನೋಡಿ 70 ಎಂದುಕೊಳ್ಳುತ್ತೇವೆ. ಸಾವಿರದ ಮೇಲೆ ಐವತ್ತು ಹೋದರೆ ಐನೂರು. ಇಪ್ಪತ್ತು ಹೋಗುವುದು ಆ ಐನೂರರ ಮೇಲೆ, ಅಂದರೆ ನೂರು. ಉಳಿಯುವುದು ನಾನೂರು, ರಿಯಾಯಿತಿ 60. ಎರಡು ಕೊಂಡರೆ ಒಂದು ಉಚಿತ ಎಂದರೆ ಮೂರನೇ ಒಂದು ಭಾಗದ ರಿಯಾಯಿತಿ, ಅದೂ ಮೂರು ಬೇಕಿದ್ದವನಿಗೆ ಮಾತ್ರ.

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹತ್ತು ಕಡಿಮೆಯಾಯಿತು, ಹಾಗಾದರೆ 384 ರೂಪಾಯಿಯ ಚೀಲಕ್ಕೆ 38 ರೂಪಾಯಿ 40 ಪೈಸೆ ಇಳಿಯಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಲೆಯನ್ನು ನಾನು ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಹಾಕಿದ್ದೇನೆ. ಆದರೆ 28 ಎಂಬುದು 384ರ ಮೇಲಲ್ಲ, ತೆರಿಗೆ ಸೇರುವ ಮೊದಲಿನ ಬೆಲೆಯ ಮೇಲೆ. ಆ ಬೆಲೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಎಕ್ಸ್ ಎನ್ನೋಣ: 1.28 ಎಕ್ಸ್ ಸಮ 384, ಎಕ್ಸ್ 300. ಹೊಸ ಬೆಲೆ 300ರ ಮೇಲೆ ಶೇಕಡಾ 18 ಸೇರಿ 354. ಇಳಿದದ್ದು 30 ರೂಪಾಯಿ, ಗಿರಾಕಿ ಕೊಡುತ್ತಿದ್ದ ಬೆಲೆಯ ಮೇಲೆ ಶೇಕಡಾ 7.8. ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ನಿಲ್ಲುವ ಮೊದಲು ಇದನ್ನು ಮಾಡಿ ನೋಡಬೇಕು. ಮಾಡಿ ನೋಡಿದ ಮೇಲೂ 30 ಇಳಿಸದೆ 20 ಇಳಿಸಿದ್ದರೆ, ಆಗ ಜಗಳಕ್ಕೆ ನಿಲ್ಲಬಹುದು.

ಬೀಜಗಣಿತ ಬೇಕಾಗುವುದು ಹೀಗೆ ಹಿಂದಕ್ಕೆ ಹೋಗಬೇಕಾದಾಗ. ಶೇಕಡಾ 20 ರಿಯಾಯಿತಿಯ ನಂತರ 960 ರೂಪಾಯಿ ಕೊಟ್ಟೆ, ಮೂಲ ಬೆಲೆ ಎಷ್ಟು ಎಂದರೆ ತರಗತಿಯ ಅರ್ಧ ಜನ 960ಕ್ಕೆ ಅದರ ಶೇಕಡಾ 20 ಸೇರಿಸಿ 1,152 ಎನ್ನುತ್ತಾರೆ. 1,152ರ ಮೇಲೆ ಶೇಕಡಾ 20 ಕಳೆದು ನೋಡಿ ಎಂದರೆ 960 ಬರುವುದಿಲ್ಲ, ಆಗ ಮುಖ ಮುಖ ನೋಡುತ್ತಾರೆ. 1,200 ಎಂಬ ಉತ್ತರಕ್ಕಿಂತ ಆ ತಬ್ಬಿಬ್ಬು ಅಮೂಲ್ಯ. ಅಲ್ಲಿ ಐದು ನಿಮಿಷ ನಿಲ್ಲದೆ ಮುಂದಿನ ಲೆಕ್ಕಕ್ಕೆ ಹೋಗುವ ಮೇಷ್ಟ್ರು ಪಾಠ ಮುಗಿಸುತ್ತಾರೆ, ಕಲಿಸುವುದಿಲ್ಲ.

ಅವ್ಯಕ್ತಕ್ಕೆ ಹೆಸರಿಡುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ಮೊದಲನೆಯದು ಯಾವತ್ತಾವತ್, ಎರಡನೆಯದು ಕಾಲಕ, ಮೂರನೆಯದು ನೀಲಕ, ಹೀಗೆ ಎರಡನೆಯದರಿಂದ ಮುಂದೆ ಬಣ್ಣಗಳ ಹೆಸರು. ಬರೆಯುವಾಗ ಯಾ, ಕಾ, ನೀ. ಭಾಸ್ಕರನ ‘ಬೀಜಗಣಿತ’ದಲ್ಲಿ ಇಬ್ಬರ ಆಸ್ತಿಯ ಲೆಕ್ಕವಿದೆ. ಒಬ್ಬನ ಬಳಿ 300 ನಾಣ್ಯ, ಆರು ಕುದುರೆ. ಇನ್ನೊಬ್ಬನ ಬಳಿ ಹತ್ತು ಕುದುರೆ, ಆದರೆ 100 ಸಾಲ. ಇಬ್ಬರ ಆಸ್ತಿಯೂ ಸಮ. ಇಲ್ಲಿ ಯಾ ಎಂದರೆ ಏನು? ಕುದುರೆ ಎಂದು ಬರೆದವನು ಕೆಡುತ್ತಾನೆ. ಯಾ ಎಂದರೆ ಒಂದು ಕುದುರೆಯ ಬೆಲೆ, ನಾಣ್ಯದಲ್ಲಿ. ಆಗ 300 + 6 ಯಾ = 10 ಯಾ − 100, ಎರಡೂ ಕಡೆ ನಾಣ್ಯವೇ, ಕುದುರೆಯ ಬೆಲೆ 100.

ಈ ವ್ಯತ್ಯಾಸ ಎಳೆಯ ಮಕ್ಕಳಿಗೆ ಮಾತ್ರ ಕಷ್ಟ ಎಂದು ತಿಳಿಯಬೇಡಿ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, ವಿ ಮತ್ತು ಪ್ರಾ ಬಳಸಿ ಸಮೀಕರಣ ಬರೆಯಿರಿ ಎಂದು ಅಮೆರಿಕದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟರು. ನೂರಕ್ಕೆ 37 ಜನ ತಪ್ಪಿದರು. ತಪ್ಪಿದವರಲ್ಲಿ ಹೆಚ್ಚಿನವರು 6 ವಿ = ಪ್ರಾ ಎಂದೇ ಬರೆದರು, ಆರು ವಿದ್ಯಾರ್ಥಿಗೊಬ್ಬ ಪ್ರಾಧ್ಯಾಪಕ ಎಂದು ಓದಿಕೊಂಡು. ವಿ ಎಂದರೆ ವಿದ್ಯಾರ್ಥಿ ಎಂದುಕೊಂಡರು, ವಿದ್ಯಾರ್ಥಿಗಳ ಸಂಖ್ಯೆ ಎಂದುಕೊಳ್ಳಲಿಲ್ಲ. ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಬರೆದ ಈ ಫಲಿತಾಂಶ ಗಣಿತ ಬೋಧನೆಯವರ ವಲಯದಲ್ಲಿ ಇಂದಿಗೂ ಚರ್ಚೆಯಲ್ಲಿದೆ.

ನಮ್ಮಲ್ಲಿ ಇದಕ್ಕೆ ಮದ್ದು ಎಂದು ಕೊಡುತ್ತಿರುವುದು ರೋಗವನ್ನು ಹೆಚ್ಚಿಸುತ್ತಿದೆ. ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ, ‘ಹೆಚ್ಚು’ ಎಂದಿದ್ದರೆ ಮತ್ತೆ ಕೂಡು. ಟ್ಯೂಷನ್ನುಗಳಲ್ಲಿ ಇದನ್ನು ಗೋಡೆಗೆ ಅಂಟಿಸುತ್ತಾರೆ. ‘ರಾಜುವಿನ ಬಳಿ 12 ಗೋಲಿ ಇವೆ, ಇವು ಸಲೀಮನ ಬಳಿ ಇರುವುದಕ್ಕಿಂತ 5 ಹೆಚ್ಚು’ ಎಂದರೆ ಆ ಗೋಡೆ ಸಲೀಮನಿಗೆ 17 ಗೋಲಿ ಕೊಡುತ್ತದೆ. ಪದ ಹುಡುಕುವ ಮಗು ವಾಕ್ಯ ಓದುವುದನ್ನು ಬಿಡುತ್ತದೆ. ವಾಕ್ಯರೂಪದ ಲೆಕ್ಕದಲ್ಲಿ ವಾಕ್ಯವೇ ಬೇಡವಾದರೆ ಅದನ್ನು ಕೊಟ್ಟು ಏನು ಬಂತು?

ನನ್ನ ಸಲಹೆ ದೊಡ್ಡದೇನಲ್ಲ. ವಾರಕ್ಕೊಂದು ದಿನ ಲೆಕ್ಕ ಕೊಟ್ಟು, ಬಿಡಿಸಬೇಡಿ, ಉತ್ತರ ಯಾವ ಏಕಮಾನದಲ್ಲಿ ಬರುತ್ತದೆ ಎಂದಷ್ಟೇ ಹೇಳಿ ಎನ್ನಬೇಕು. ಇನ್ನೊಂದು ದಿನ ಬೇಡದ ಒಂದು ಸಂಖ್ಯೆಯನ್ನು ಲೆಕ್ಕದೊಳಗೆ ಸೇರಿಸಬೇಕು, ಮತ್ತೊಂದು ದಿನ ಬೇಕಾದ ಒಂದು ಸಂಖ್ಯೆಯನ್ನು ಬಿಡಬೇಕು. ‘ಈ ಲೆಕ್ಕ ಆಗೋದಿಲ್ಲ ಮೇಷ್ಟ್ರೇ’ ಎಂದು ಹೇಳುವ ಧೈರ್ಯಕ್ಕೂ ಅಂಕ ಇರಬೇಕು. ಬೆಂಗಳೂರಿನಿಂದ 120 ಕಿಲೋಮೀಟರ್ ದೂರದ ಊರಿಗೆ ಹೋಗುವಾಗ ಗಂಟೆಗೆ 40, ಬರುವಾಗ 60 ಕಿಲೋಮೀಟರ್ ವೇಗವಾದರೆ ಸರಾಸರಿ ಎಷ್ಟು ಎಂದು ಕೇಳಿ. 50 ಎನ್ನುತ್ತಾರೆ. ಹೋಗಲು ಮೂರು ಗಂಟೆ, ಬರಲು ಎರಡು ಗಂಟೆ, ಐದು ಗಂಟೆಗೆ 240 ಕಿಲೋಮೀಟರ್, ಸರಾಸರಿ 48. ದೂರ ಎಷ್ಟು ಎಂದು ಹೇಳದೆ ಕೇಳಿದರೂ ಅದೇ 48 ಬರುತ್ತದೆ ಎಂದು ಒಬ್ಬಳಾದರೂ ಕಂಡುಕೊಂಡರೆ ಆ ದಿನದ ಪಾಠ ಸಾರ್ಥಕ.

ಕೊನೆಗೆ ಕಾವೇರಿ. ಮಳೆ ಕೈಕೊಟ್ಟ ವರ್ಷ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಬರುವ ಲೆಕ್ಕವಿದು. ಓದುಗರು ಅದನ್ನು ಲೆಕ್ಕ ಎಂದು ಓದುವುದಿಲ್ಲ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ 15,000 ಕ್ಯೂಸೆಕ್ ಬಿಡುವಂತೆ ಹೇಳಿತು. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹದಿನೈದು ದಿನ 5,000 ಕ್ಯೂಸೆಕ್ ಎಂದಿತು. ಜಲಾಶಯದಲ್ಲಿ ಇರುವುದನ್ನು ಮಾತ್ರ ಟಿಎಂಸಿಯಲ್ಲಿ ಹೇಳುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ಮೊತ್ತ. ‘ಐದು ಸಾವಿರ ಬಿಡಬೇಕಂತೆ, ಇರೋದು ಬರೀ ಇಪ್ಪತ್ತಂತೆ’ ಎಂದು ಹೋಟೆಲಿನಲ್ಲಿ ಮಾತಾಡುವಾಗ ಎರಡು ಜಾತಿ ಬೆರೆತಿರುತ್ತವೆ. ದಿನಕ್ಕೆ 86,400 ಸೆಕೆಂಡು. 5,000ವನ್ನು ಅದರಿಂದಲೂ ಹದಿನೈದರಿಂದಲೂ ಗುಣಿಸಿದರೆ 648 ಕೋಟಿ ಘನ ಅಡಿ, ಅಂದರೆ 6.48 ಟಿಎಂಸಿ. 49.45 ಟಿಎಂಸಿ ಹಿಡಿಯುವ ಕೆ.ಆರ್.ಎಸ್. ತುಂಬಿದ್ದರೆ ಅದರ ನೂರಕ್ಕೆ 13 ಭಾಗ. 2016ರ ಮೊದಲ ಆದೇಶ ಇದೇ ಲೆಕ್ಕದಲ್ಲಿ 12.96 ಟಿಎಂಸಿ, ಸರಿಯಾಗಿ ಎರಡರಷ್ಟು. ಬೆಂಗಳೂರಿಗೆ 2024ರ ಅಕ್ಟೋಬರಿನಲ್ಲಿ ಬಂದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನದು. ಘನ ಅಡಿಗೆ 28.317 ಲೀಟರಿನಂತೆ ಇದನ್ನು ವರ್ಷಕ್ಕೆ ಹಾಕಿ ನೋಡಿ, 10 ಟಿಎಂಸಿ.

ಅಲ್ಲಿಗೂ ಮುಗಿಯುವುದಿಲ್ಲ. ಆ 5,000 ಕ್ಯೂಸೆಕ್ಕನ್ನು ಎಲ್ಲಿ ಅಳೆಯಬೇಕು? ಕೆ.ಆರ್.ಎಸ್. ಗೇಟಿನಲ್ಲಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ನಡುವೆ ಕಬಿನಿ ತಿರುಮಕೂಡಲಿನಲ್ಲಿ ಸೇರುತ್ತದೆ, ಶಿಂಷಾ ಸೇರುತ್ತದೆ, ಸಂಗಮದಲ್ಲಿ ಅರ್ಕಾವತಿ ಸೇರುತ್ತದೆ. ದಾರಿಯಲ್ಲಿ ಮರಳು ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಬಿಟ್ಟ ನೀರು ಅದೇ ದಿನ ಗಡಿ ಮುಟ್ಟುವುದೂ ಇಲ್ಲ. ಹಾಗಾಗಿ ಎಂಜಿನಿಯರರ ಸಮೀಕರಣ ಹೀಗಿರುತ್ತದೆ: ಕೆ.ಆರ್.ಎಸ್.ನಿಂದ ಬಿಟ್ಟದ್ದು, ಕಬಿನಿಯಿಂದ ಬಿಟ್ಟದ್ದು, ನಡುವಿನ ಹೊಳೆಗಳು ತಂದದ್ದು, ಇವುಗಳ ಮೊತ್ತದಿಂದ ದಾರಿಯ ನಷ್ಟ ಕಳೆದರೆ 5,000. ಎಲ್ಲವೂ ಕ್ಯೂಸೆಕ್‌ನಲ್ಲಿ. ಕನಕಪುರದ ಕಡೆ ರಾತ್ರಿ ಒಂದು ಒಳ್ಳೆಯ ಮಳೆ ಬಿದ್ದರೆ ಮಾರನೆಯ ಬೆಳಿಗ್ಗೆ ಗೇಟಿನಿಂದ ಬಿಡಬೇಕಾದ ಎಕ್ಸ್ ಇಳಿಯುತ್ತದೆ, ಮಂಡ್ಯದ ನಾಲೆಗೆ ಅಷ್ಟು ನೀರು ಉಳಿಯುತ್ತದೆ. ಆ ಮಳೆಯನ್ನು ಮಳೆಮಾಪಕ ಬರೆದಿಡುವುದು ಮಿಲಿಮೀಟರಿನಲ್ಲಿ. ಅದನ್ನು ಕ್ಯೂಸೆಕ್‌ಗೆ ತರಲು ಇನ್ನೇನೇನು ಗೊತ್ತಿರಬೇಕು ಎಂಬುದನ್ನು ಹಿಂದಿನ ಸಾಲಿನವರು ಮನೆಗೆ ಹೋಗಿ ಯೋಚಿಸಲಿ.